ಗಾದಿ ಕೆಳಗೊಂದು ಬೆಣಿ

ಹಾಸಿಗೆ ಮೇಲೆ ಬಿದ್ಕೊಂಡು, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿರೋರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಗೊತ್ತು ನನಗೆ. ಹಂಗಾದ್ರೆ ಒಂದು ನಿಮಿಷ ಎದ್ದೇಳ್ರಿ. ನೀವು ಮಲಗಿದ್ದ ಗಾದಿಯ ಒಂದು ಮೂಲೆ ಹಿಡಿದು ಎತ್ತಿ ನೋಡ್ರಿ. ಒಂದೇ ಕೈಯಿಂದ. ಯಾಕಂದ್ರೆ ಇನ್ನೊಂದು ಕೈಯಿಂದ ಚಾದರದ ಅಂಚನ್ನ ಅದರ ಕೆಳಗೆ ಸೇರಿಸಬೇಕು, ಸುಕ್ಕು ಬೀಳದಂಗೆ. ಆಯ್ತಾ? ಇನ್ನೂ ಮೂರು ಮೂಲೆ ಬಾಕಿ ಇವೆ.

ಸಿಂದಗಿಯ ನಮ್ಮ ಮನೆಯಲ್ಲಿ ಈ ಕೆಲಸ ನಮ್ಮವ್ವಂದು. ಹೋದ ವರ್ಷ ಮಹಾನವಮಿ ಮುಂದೆ ಹಿಂಗೇ ಮೂಲೆ ಎತ್ತುವಾಗ ಆಕೆಯ ನಡ ಹಿಡಕೊಂಡಿತು. ಬಗ್ಗಿದಾಕೆ ಎದ್ದೇಳೋಕೆ ಆಗ್ಲಿಲ್ಲ. ಡಾಕ್ಟರ್ ಕಡೆ ಕರ್ಕೊಂಡು ಹೋದ್ರೆ ಅವರು ಕೇಳಿದ ಮೊದಲನೇ ಪ್ರಶ್ನೆ, "ಏನು ಭಾರ ಎತ್ತಿದ್ರಿ?" ಅವ್ವ ಹೇಳಿದ್ದು, "ಏನೂ ಎತ್ತಿಲ್ರೀ ಸರ, ಚಾದರ ಬದಲಿಸಾಕತ್ತಿದ್ದೆ."

ಆ ಉತ್ತರ ನನ್ನ ತಲೆಯಲ್ಲಿ ಕೂತುಬಿಡ್ತು. ಆಕೆ ಸುಳ್ಳು ಹೇಳ್ತಿರಲಿಲ್ಲ. ಆಕೆಗೆ ನಿಜವಾಗ್ಲೂ ಅದು ಭಾರ ಎತ್ತೋ ಕೆಲಸ ಅಂತ ಅನಿಸಿರಲೇ ಇಲ್ಲ. ನನಗೂ ಅನಿಸಿರಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ.

ನಮ್ಮ ಕಡೆ ಮಹಾನವಮಿ ಹೊತ್ತಿಗೆ ಮನೆಯ ಹಾಸಿಗೆಯೆಲ್ಲ ಹೊರಗೆ ಬರ್ತದೆ. ಹಳೇ ಸೀರೆ ಸೇರಿಸಿ ಹೊಲಿದ ಕೌದಿ, ಸೋಲಾಪುರಿ ಚಾದರ, ತಲೆದಿಂಬಿನ ಗಲೀಫು ಎಲ್ಲ ತೊಳೀಬೇಕು. ಇಂಡಿ, ಸಿಂದಗಿ ಕಡೆ ಭೀಮಾ ದಂಡಿಯ ಊರವರು ಹೊಳೆಗೆ ಒಯ್ತಾರೆ, ಮುದ್ದೇಬಿಹಾಳದ ಕಡೆ ಕೃಷ್ಣೆಗೆ. ಊರೊಳಗಿನವರಿಗೆ ನಳದ ನೀರು, ಬೋರಿನ ನೀರು. ನೀರು ಕುಡಿದ ಕೌದಿ ಭಾರ ಅಂತ ಎಲ್ಲರೂ ಒಪ್ತಾರೆ, ಅದಕ್ಕೆ ಇಬ್ಬರು ಹಿಡ್ಕೊಂಡು ಹಿಂಡ್ತಾರೆ. ಆದರೆ ಒಣ ಗಾದಿ ಎತ್ತಿ ಚಾದರ ಸಿಗಿಸೋಕೆ ಮಾತ್ರ ಒಬ್ಬಾಕೆಯೇ ಸಾಕು ಅಂತ ಲೆಕ್ಕ.

ನಾನು ಬಿ.ಕಾಂ. ಓದಿದವನು, ಲೆಕ್ಕ ಅಂದ್ರೆ ಬರೆದೇ ನೋಡಬೇಕು. ಜೋಳದ ಚೀಲ ತೂಗೋ ಕಾಟಾದ ಮೇಲೆ ನಮ್ಮ ಡಬಲ್ ಗಾದಿ ಇಟ್ಟೆ. 24 ಕೆಜಿ. ಸಿಮೆಂಟ್ ಚೀಲದ ಹತ್ರತ್ರ ಅರ್ಧ. ಅರಳೆ ತುಂಬಿದ ಗಾದಿ ಹೀಗೇ. ವರ್ಷ ಕಳೆದಂಗೆ ಒಳಗಿನ ಹತ್ತಿ ಗಟ್ಟಿಯಾಗ್ತದೆ, ಮಳೆಗಾಲದಲ್ಲಿ ತಂಪು ಹೀರಿ ಇನ್ನಷ್ಟು ಭಾರ ಆಗ್ತದೆ. ಅದಕ್ಕೇ ಹಿಂದೆಲ್ಲ ಪಿಂಜಾರರನ್ನ ಕರೆಸಿ ಹತ್ತಿ ಹಿಂಜಿಸಿ ಮತ್ತೆ ತುಂಬಿಸ್ತಿದ್ದರು.

ಉದ್ದದ ಒಂದು ಬದಿ ಪೂರಾ ಎತ್ತಿದ್ರೆ ಅರ್ಧ ಭಾರ, ಅಂದ್ರೆ 12 ಕೆಜಿ ನಿಮ್ಮ ಕೈಮೇಲೆ. ಒಂದು ಮೂಲೆ ಅಷ್ಟೇ ಅಂದ್ರೂ ಸುಮಾರು 6 ಕೆಜಿ. ಆರು ಕೆಜಿ ಏನು ಮಹಾ, ಗ್ಯಾಸ್ ಸಿಲಿಂಡರ್ ಎತ್ತೋ ಅವ್ವಂದಿರು ಅಂತೀರಿ. ಇಲ್ಲೇ ಇರೋದು ತಿರುವು.

ಕಲ್ಲು ಕೀಳೋ ಹಾರೆ ನೋಡಿದ್ದೀರಲ್ಲ. ಹಾರೆಯ ಉದ್ದನೆ ತುದಿ ನಮ್ಮ ಕೈಯಲ್ಲಿ, ಗಿಡ್ಡ ತುದಿ ಕಲ್ಲಿನ ಕೆಳಗೆ. ಅದಕ್ಕೇ ಸಣ್ಣ ಬಲಕ್ಕೆ ದೊಡ್ಡ ಕಲ್ಲು ಏಳ್ತದೆ. ನಮ್ಮ ಬೆನ್ನಿನಲ್ಲಿ ದೇವರು ಹಾರೆಯನ್ನ ಉಲ್ಟಾ ಇಟ್ಟಿದ್ದಾನೆ. ಬಗ್ಗಿ ಕೈ ಚಾಚಿದಾಗ ಗಾದಿ ನಡದಿಂದ 50 ಸೆಂಟಿಮೀಟರ್ ದೂರ ಇರ್ತದೆ. ಅದನ್ನ ಹಿಡಿದು ನಿಲ್ಲಿಸೋ ಬೆನ್ನಿನ ಸ್ನಾಯು ಬೆನ್ನುಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರ ಅಷ್ಟೇ. ಹತ್ತು ಪಟ್ಟು ವ್ಯತ್ಯಾಸ. ಆರು ಕೆಜಿ ಮೂಲೆಗೆ ಸ್ನಾಯು 60 ಕೆಜಿಯಷ್ಟು ಜಗ್ಗಬೇಕು. ಬಗ್ಗಿದ ಎದೆ, ತಲೆ, ತೋಳುಗಳ ಭಾರ ಇನ್ನೂ ಬೇರೆ, ಅದನ್ನೂ ಇದೇ ಸ್ನಾಯು ಹೊರಬೇಕು.

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ಕುರಿತು ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ ಒಂದಿದೆ, ನಿಯೋಶ್ ಅಂತ. ಎಷ್ಟು ಭಾರ ಎತ್ತಬಹುದು ಅನ್ನೋದಕ್ಕೆ ಅವರದೊಂದು ಸೂತ್ರ ಇದೆ, 1991ರಲ್ಲಿ ಪರಿಷ್ಕರಿಸಿದ್ದು. ಎಲ್ಲ ಅನುಕೂಲ ಇದ್ದಾಗ ಮಿತಿ 23 ಕೆಜಿ. ಇದು ಗ್ರಾಸ್ ಸಂಬಳ ಇದ್ದಂಗೆ. ಈಗ ಕಡಿತ ಶುರು. ಭಾರ ಮೈಯಿಂದ 50 ಸೆಂಟಿಮೀಟರ್ ದೂರ ಇದ್ರೆ ಮಿತಿ ಅರ್ಧ, ಹನ್ನೊಂದೂವರೆ. ಮಂಚದ ಎತ್ತರ 45 ಸೆಂಟಿಮೀಟರ್ ಅಂದ್ರೆ ಇನ್ನೊಂದು ಕೆಜಿ ಹೋಯ್ತು. ಗೋಡೆಗೆ ಹಚ್ಚಿದ ಮಂಚ, ಮೈ 45 ಡಿಗ್ರಿ ತಿರುಗಿಸಿ ಎತ್ತಬೇಕು, ಆಗ ಉಳಿದದ್ದು 9. ಹಿಡಿಯೋಕೆ ಹಿಡಿಕೆ ಇಲ್ಲ ಅಂತ ಕೊನೆಗೆ ಶೇಕಡಾ 10 ಕಡಿತ. ಕೈಗೆ ಬಂದದ್ದು 8 ಕೆಜಿ! ಇದೂ ಎರಡು ಕೈಯಿಂದ ಎತ್ತಿದರೆ. ಒಂದೇ ಕೈಯಲ್ಲಿ ಎತ್ತೋ ಕೆಲಸಕ್ಕೆ ಆ ಸೂತ್ರ ಹೊಂದೋದೇ ಇಲ್ಲ. ನಮ್ಮ ಅವ್ವಂದಿರು ಮಾಡೋದು ಅದನ್ನೇ.

ಈಗ ಸಾಧನಕ್ಕೆ ಬರೋಣ. ಆನ್‌ಲೈನ್‌ನಲ್ಲಿ ಮ್ಯಾಟ್ರೆಸ್ ಲಿಫ್ಟರ್ ಅಂತ ಹುಡುಕಿದ್ರೆ ಸಿಗ್ತದೆ. ಪ್ಲಾಸ್ಟಿಕ್‌ನ ಒಂದು ತ್ರಿಕೋನದ ತುಂಡು, ಕೆಲವಕ್ಕೆ ಹಿಡಿಕೆ. ಗಾದಿ ಮತ್ತು ಮಂಚದ ನಡುವೆ ಅದನ್ನ ತಳ್ಳಿದ್ರೆ ಗಾದಿ ಮೇಲೇಳ್ತದೆ, ಎದ್ದದ್ದು ಹಂಗೇ ನಿಲ್ತದೆ. ಎರಡೂ ಕೈ ಖಾಲಿ. ಚಾದರ ಸೇರಿಸಿ, ತುಂಡು ಹೊರಗೆ ಎಳೀರಿ, ಮುಗೀತು.

ಫೋಟೋ ತೋರಿಸಿದಾಗ ನಮ್ಮ ಬಡಿಗ್ಯಾರ ಕಾಕಾ ನಕ್ಕುಬಿಟ್ಟರು. "ಇದಕ್ಕ ಆನ್‌ಲೈನ್ ಯಾಕ ಬೇಕೋ ತಮ್ಮಾ, ಇದು ಬೆಣಿ ಅಲ್ಲೇನು?" ಹೌದಲ್ಲ. ಕೂರಿಗೆ ಬಿಗಿ ಮಾಡೋಕೆ, ಕೊಡಲಿಯ ಕಾವು ಅಲುಗಾಡದಂಗೆ ಮಾಡೋಕೆ, ಕಟ್ಟಿಗೆ ಸೀಳೋಕೆ ನಾವು ಹೊಡೆಯೋದು ಅದೇ ಬೆಣಿ. ಹೊಲದಲ್ಲಿ ಯಾವಾಗಿಂದಲೋ ಇರೋ ವಸ್ತು ಮಲಗೋ ಕೋಣೆಗೆ ಬರೋಕೆ ಇಷ್ಟು ದಿನ ಹಿಡೀತು. ಹೊಲದ ಕೆಲಸವನ್ನ ನಾವು ಕೆಲಸ ಅಂತ ಲೆಕ್ಕ ಹಿಡಿದಿದ್ವಿ, ಅದಕ್ಕೇ ಇರಬಹುದು.

ಹಳೇ ತೇಗದ ಚೌಕಟ್ಟಿನ ತುಂಡಿನಲ್ಲಿ ಕಾಕಾ ಎರಡು ಮಾಡಿಕೊಟ್ಟರು. ಮೊದಲನೇದು ಕೆಟ್ಟಿತು, ತಪ್ಪು ನಂದೇ. ಗಾದಿ ಜಾಸ್ತಿ ಏಳಲಿ ಅಂತ ಆಸೆಗೆ 8 ಇಂಚು ಉದ್ದಕ್ಕೆ 6 ಇಂಚು ಎತ್ತರ ಇಡಿಸಿದ್ದೆ. ತಳ್ಳೋಕೆ ಆಗ್ತಿರಲಿಲ್ಲ, ಹೆಂಗೋ ತಳ್ಳಿದ್ರೆ ಗಾದಿ ಒತ್ತಿ ಅದನ್ನ ಹೊರಗೆ ಉಗುಳಿಬಿಡೋದು. ಬೆಣಿ ತಾನಾಗಿ ನಿಲ್ಲೋದು ತಿಕ್ಕಾಟದ ಬಲದಿಂದ. ಇಳಿಜಾರು ಕಡಿದಾದಷ್ಟೂ ಆ ಹಿಡಿತ ಸಾಲೋದಿಲ್ಲ. ಎರಡನೇ ಸಲ 12 ಇಂಚು ಉದ್ದ, ದಪ್ಪ ತುದಿ 4 ಇಂಚು, ಅಗಲ 5 ಇಂಚು. ಇದು ನಿಂತಿತು. ಮೂರು ಪಟ್ಟು ದೂರ ತಳ್ಳಿ ಒಂದು ಪಟ್ಟು ಎತ್ತರ ಪಡೀತೀವಿ, ಹಂಗಾಗಿ ಲೆಕ್ಕದ ಪ್ರಕಾರ ಮೂರನೇ ಒಂದು ಪಾಲು ಬಲ ಸಾಕು. ನಿಜ ಹೇಳಬೇಕಂದ್ರೆ ಅಷ್ಟು ಕಡಿಮೆ ಆಗೋದಿಲ್ಲ, ತಿಕ್ಕಾಟ ತನ್ನ ಪಾಲು ತಗೊಳ್ತದೆ. ಆದರೆ ಎತ್ತೋದು ಹೋಗಿ ತಳ್ಳೋದು ಬಂತು. ಹಿಡ್ಕೊಂಡು ನಿಲ್ಲೋದಂತೂ ಪೂರಾ ತಪ್ಪಿತು. ನಡಕ್ಕೆ ಬೇಕಿದ್ದದ್ದು ಅದೇ.

ಮಾಡಿಸೋರು ಎರಡು ವಿಷಯ ನೆನಪಿಡ್ರಿ. ಮೂಲೆಗಳನ್ನ ಉಂಡಗೆ ಉಜ್ಜಿಸಬೇಕು, ಇಲ್ಲಾಂದ್ರೆ ಚಾದರ ಹರೀತದೆ. ಮತ್ತೆ ಬಳಸುವಾಗ ನಿಂತು ಬಗ್ಗಬಾರದು. ಮಂಚದ ಪಕ್ಕ ಒಂದು ಮೊಣಕಾಲು ಊರಿ ಕೂತು, ಒಂದು ಕೈಯಿಂದ ಗಾದಿಯನ್ನ ಒಂದೇ ಇಂಚು ಮೇಲೆತ್ತಿ, ಇನ್ನೊಂದು ಕೈಯಿಂದ ತೆಳು ತುದಿ ಒಳಗೆ ಬಿಡ್ರಿ. ಆಮೇಲೆ ಮೈಭಾರ ಹಾಕಿ ಮುಂದಕ್ಕೆ ನೂಕ್ರಿ.

ಎಲ್ಲಾ ಕಡೆ ಇದು ನಡೆಯೋದಿಲ್ಲ. ಇಂಡಿಯಲ್ಲಿರೋ ತಂಗಿ ಮನೆಗೆ ಒಯ್ದೆ, ಅಲ್ಲಿ ಕೆಳಗೆ ಸಾಮಾನು ಇಡೋ ಬಾಕ್ಸ್ ಕಾಟ್. ಗಾದಿ ಚೌಕಟ್ಟಿನ ಒಳಗೆ ಕೂತಿರ್ತದೆ, ಬೆಣಿಗೆ ದಾರಿಯೇ ಇಲ್ಲ. ಆಕೆ ನನಗಿಂತ ಶಾಣ್ಯಾಕಿ, ಗಾದಿಯ ಹೊರ ಗಲೀಫಿಗೆ ಎರಡೂ ಬದಿ ಬಟ್ಟೆಯ ಹಿಡಿಕೆ ಹೊಲಿದುಬಿಟ್ಟಳು. ಹಿಡಿಕೆ ಹಿಡಿದು ಸ್ವಲ್ಪ ಎತ್ತಿದ್ರೆ ಚೌಕಟ್ಟಿನ ಅಂಚಿನ ಮೇಲೆ ಬೆಣಿ ಕೂಡ್ತದೆ. ನುಲಿ ಹೊರಸಿಗೆ ಬೆಣಿ ಬೇಡ, ಹಗ್ಗ ಜಗ್ಗಿ ಅದು ಮುಳುಗ್ತದೆ. ನೆಲದ ಮೇಲೆ ಹಾಸೋರಿಗೂ ಬೇಡ.

ನಾಲ್ಕೂ ಮೂಲೆಗೆ ಇಲಾಸ್ಟಿಕ್ ಇರೋ ಫಿಟೆಡ್ ಶೀಟ್ ತಂದ್ರೆ ಮುಗೀತಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಅದಕ್ಕೆ ಅಮೆರಿಕದಲ್ಲಿ 1959ರಲ್ಲೇ ಪೇಟೆಂಟ್ ಸಿಕ್ಕಿದೆ, ಒಳ್ಳೇದೇ. ಆದರೆ ಅದನ್ನ ತೊಡಿಸೋಕೂ ನಾಲ್ಕು ಮೂಲೆ ಎತ್ತಲೇಬೇಕು. ಒಂದ್ಸಲ ಹಾಕಿದ್ರೆ ಜರುಗೋದಿಲ್ಲ, ದಿನಾ ಸರಿಮಾಡೋದು ತಪ್ತದೆ, ಅಷ್ಟು ಲಾಭ.

ಮನೆಯಲ್ಲಿ ವಾರಕ್ಕೊಮ್ಮೆ ಇದ್ದದ್ದು ಲಾಡ್ಜ್‌ನಲ್ಲಿ ದಿನದ ಕೂಲಿ. ಬಸವನ ಬಾಗೇವಾಡಿಗೆ ಶ್ರಾವಣದಲ್ಲಿ ಜಾತ್ರೆಗೆ ಬರೋರು, ಆಲಮಟ್ಟಿ ಡ್ಯಾಂ ನೋಡೋಕೆ ಬರೋರು ಉಳಿಯೋ ಕಡೆ ಕೋಣೆ ಸ್ವಚ್ಛ ಮಾಡೋ ಒಬ್ಬ ಅಕ್ಕನ್ನ ಮಾತಾಡಿಸಿದೆ. ಜಾತ್ರೆ ದಿನ ಹನ್ನೆರಡು ಕೋಣೆ ಆಕೆಯ ಪಾಲಿಗೆ. ಕೋಣೆಗೊಂದೇ ಮಂಚ ಹಿಡಿದ್ರೂ 48 ಮೂಲೆ. ಬೆಣಿ ಕೈಗೆ ಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿ ಆಕೆ ಹೇಳಿದ್ದು, "ಇಷ್ಟು ದಿನ ನಾ ಮೊಣಕಾಲ್ಲೆ ಒತ್ತಿ ಹಿಡಿತಿದ್ನೆಪ್ಪಾ." ಕ್ಯಾಲಿಫೋರ್ನಿಯಾದಲ್ಲಿ ಹೋಟೆಲ್ ಕೆಲಸದ ಹೆಣ್ಣುಮಕ್ಕಳ ಯೂನಿಯನ್ ವರ್ಷಗಟ್ಟಲೆ ಕೇಳಿದ ಮೇಲೆ 2018ರ ಜುಲೈ 1ರಿಂದ ಒಂದು ನಿಯಮ ಬಂತು. ಕೋಣೆ ಸ್ವಚ್ಛ ಮಾಡೋರ ಬೆನ್ನು, ಭುಜಕ್ಕೆ ಪೆಟ್ಟಾಗದಂಗೆ ಮಾಲೀಕ ಲಿಖಿತ ಯೋಜನೆ ಮಾಡಬೇಕು, ಯಾವ ಕೆಲಸ ನೋವು ತರ್ತದೆ ಅಂತ ಅವರನ್ನೇ ಕೂಡಿಸ್ಕೊಂಡು ಪರಿಶೀಲಿಸಬೇಕು, ತಕ್ಕ ಸಾಧನ ಕೊಡಬೇಕು.

ಇನ್ನೊಂದು ಮನೆ ಉಳೀತು. ಮುದ್ದೇಬಿಹಾಳದಲ್ಲಿ, ಅವ್ವನ ತವರಿನಲ್ಲಿ, ಆಯಿಗೆ ಲಕ್ವಾ ಹೊಡೆದು ಎರಡು ವರ್ಷ. ನೋಡ್ಕೊಳ್ಳೋದು ದೊಡ್ಡವ್ವ, ಆಕೆಗೇ ಅರವತ್ತರ ಮೇಲೆ. ಅಲ್ಲಿಗೂ ಬೆಣಿ ಒಯ್ಯಬೇಕಂತಿದ್ದೆ, ಪುಣ್ಯಕ್ಕೆ ಒಬ್ಬ ನರ್ಸ್ ಅಕ್ಕ ತಡೆದರು. ಮನುಷ್ಯರು ಮಲಗಿದ ಗಾದಿಗೆ ಬೆಣಿ ಹಾಕಬಾರದು, ಅವರು ಜಾರಬಹುದು. ಅಲ್ಲಿ ಬೇಕಾದ್ದು ಬೇರೆ, ಅಡ್ಡ ಚಾದರ. ಹತ್ತಿಯ ಒಂದು ಚಾದರವನ್ನ ಎರಡು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಬರೋ ಹಂಗೆ ಅಡ್ಡಡ್ಡ ಹಾಸೋದು, ಅದರ ಕೆಳಗೆ ರಬ್ಬರ್ ಶೀಟ್. ಒದ್ದೆಯಾದ್ರೆ ಅದನ್ನಷ್ಟೇ ಬದಲಿಸಿದ್ರೆ ಸಾಕು.

ಬದಲಿಸೋದು ಹಿಂಗೆ. ಆಯಿಯನ್ನ ನಿಧಾನಕ್ಕೆ ಒಂದು ಮಗ್ಗುಲಿಗೆ ಹೊರಳಿಸಬೇಕು, ಆ ಕಡೆ ಒಬ್ಬರು ಹಿಡ್ಕೊಂಡಿರಲೇಬೇಕು. ಹೊಲಸಾದ ಚಾದರವನ್ನ ಬೆನ್ನಿನವರೆಗೆ ಸುರುಳಿ ಸುತ್ತಿ, ಹೊಸದನ್ನ ಅರ್ಧ ಹಾಸಿ ಉಳಿದರ್ಧ ಸುರುಳಿ ಮಾಡಿ ಪಕ್ಕದಲ್ಲೇ ಇಡೋದು. ಎರಡೂ ಸುರುಳಿ ದಾಟಿಸಿ ಈ ಕಡೆ ಹೊರಳಿಸಿದ್ರೆ ಹಳೇದನ್ನ ತೆಗೆದು ಹೊಸದನ್ನ ಬಿಚ್ಚಬಹುದು. ಎತ್ತೋದೇ ಇಲ್ಲ. ಮೇಲಕ್ಕೆ ಸರಿಸಬೇಕಾದ್ರೆ ಇಬ್ಬರು ಅದೇ ಅಡ್ಡ ಚಾದರದ ಎರಡು ಬದಿ ಹಿಡಿದು ಸರಿಸಬೇಕು, ತೋಳು ಹಿಡಿದು ಎಳೀಬಾರದು. ಎಳೆದ್ರೆ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಎಲುಬಷ್ಟೇ ಜರುಗ್ತದೆ. ಹಾಸಿಗೆ ಹುಣ್ಣು ಬರೋ ದಾರಿಗಳಲ್ಲಿ ಅದೂ ಒಂದು. ಇದಕ್ಕೆಂದೇ ನುಣುಪು ನೈಲಾನ್ ಬಟ್ಟೆಯ ಸ್ಲೈಡ್ ಶೀಟ್ ಸಿಗ್ತವೆ, ಸರಿಸಿದ ಮೇಲೆ ತೆಗೆದುಬಿಡಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನರ್ಸ್ ಅಕ್ಕ ಬರೆದುಕೊಟ್ಟಿದ್ದಾರೆ. ಸುಕ್ಕು ಕೂಡ ಅಲ್ಲಿ ಬರೀ ಅಂದದ ಮಾತಲ್ಲ, ಅದೇ ಒತ್ತಿ ಗಾಯ ಆಗಬಹುದು.

ದೊಡ್ಡವ್ವ ಇಷ್ಟು ದಿನ ಆಯಿಯನ್ನ ಒಬ್ಬಾಕೆಯೇ ತೋಳು ಹಿಡಿದು ಎತ್ತುತ್ತಿದ್ದಳು. ಈಗ ಸಂಜೆ ಹೊತ್ತಿಗೆ ಅಂಗಡಿಯಿಂದ ಅಣ್ಣ ಬಂದು ಇನ್ನೊಂದು ಬದಿ ಹಿಡೀತಾನೆ. ಹಗಲಿಗೆ ಪಕ್ಕದ ಮನೆಯವರು.

ನಮ್ಮ ಮನೆಯಲ್ಲಿ ಆ ಮಹಾನವಮಿಯಿಂದ ಚಾದರ ಬದಲಿಸೋದು ನಾನು. ಅವ್ವ ಬಾಗಿಲ ಹತ್ರ ಖುರ್ಚಿ ಹಾಕ್ಕೊಂಡು ಕೂತು, "ಆ ಮೂಲಿ ಸುಕ್ಕೈತಿ ನೋಡು" ಅಂತಾಳೆ. ಅಳತೆ ಕೇಳಿ ಮೆಸೇಜ್ ಮಾಡೋರಿಗೆ ಇಲ್ಲೇ ಮತ್ತೊಮ್ಮೆ: ಉದ್ದ 12, ಎತ್ತರ 4, ಅಗಲ 5 ಇಂಚು. ಬಡಿಗ್ಯಾರ ಕಾಕಾ ನನ್ನ ಹತ್ರ 150 ರೂಪಾಯಿ ತಗೊಂಡರು, ಕೆಟ್ಟ ಮೊದಲನೇದಕ್ಕೆ ಏನೂ ತಗೊಳ್ಳಲಿಲ್ಲ. ಅದು ಈಗ ಹಿತ್ತಲ ಬಾಗಿಲು ಗಾಳಿಗೆ ಬಡಿಯದಂಗೆ ತಡೀತಿದೆ.