ಕೊಂಡಿಯ ಸೆರಗು

ಇಳಕಲ್ಲಿನ ನನ್ನ ಸೋದರಮಾವನ ಮನೆಯಲ್ಲಿ ಎರಡು ಮಗ್ಗಗಳಿವೆ. ದೂರದವರೂ ಸೀರೆ ನೋಡಲಿ ಎಂದು ಅವರಿಗೊಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ಕೆಂಪು ಸೆರಗು, ಅದರ ತೋಪ್ ತೆನೆ ವಿನ್ಯಾಸ, ಚಿಕ್ಕಿ ಪರಾಸ್ ದಡಿ, ಎಲ್ಲವೂ ಚಿತ್ರದಲ್ಲಿ ಸೊಗಸಾಗಿ ಬಂದಿದ್ದವು. ಪುಟದ ಕೊಂಡಿಯನ್ನು ಫೇಸ್‌ಬುಕ್ಕಿಗೆ ಹಾಕಿದ ಸಂಜೆ ಮಾವ ಫೋನು ನನ್ನ ಮುಂದೆ ಹಿಡಿದರು. ‘ತಮ್ಮಾ, ಸೆರಗ ಎಲ್ಲೈತೊ? ಇದ್ಯಾಕ ರೊಕ್ಕ ಹಾಕೂ ಚೌಕ ತೋರಸಾಕತ್ತೈತಿ?’

ಕೊಂಡಿಯ ಜೊತೆ ಮೂಡಿದ್ದು ಹಣ ಕಳಿಸುವ ಕ್ಯೂಆರ್ ಕೋಡು. ಸೀರೆಯಿಲ್ಲ, ಊರಿನ ಹೆಸರಿಲ್ಲ. ಪರಿಚಯವಿಲ್ಲದವರು ನೋಡಿದರೆ ಮೋಸವೆಂದೇ ತಿಳಿಯುವಂತಿತ್ತು.

ರಾತ್ರಿಯೆಲ್ಲ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಕೊಂಡಿ ಹಾಕಿದೊಡನೆ ಒಂದು ತಂತ್ರಾಂಶ ಪುಟಕ್ಕೆ ಹೋಗಿ, ಓದುಗರಿಗೆ ಕಾಣದ ತಲೆಭಾಗವನ್ನು ಓದುತ್ತದೆ. ಇದರ ಶೀರ್ಷಿಕೆ ಇದು, ಚಿತ್ರ ಇದು ಎಂದು ಅಲ್ಲಿ ಬರೆದಿದ್ದರೆ ಅದನ್ನೇ ತೋರಿಸುತ್ತದೆ. ಬರೆದಿರದಿದ್ದರೆ ಪುಟದಲ್ಲಿ ಸಿಕ್ಕಿದ್ದರಲ್ಲಿ ಒಂದನ್ನು ಊಹಿಸಿ ಎತ್ತಿಕೊಳ್ಳುತ್ತದೆ. ನಾನು ಬರೆದಿರಲಿಲ್ಲ. ಪುಟದ ಮೊದಲ ಚಿತ್ರವೇ ಆ ಚೌಕವಾಗಿತ್ತು.

ಹೀಗೆ ಬರೆದಿಡುವ ಯೋಚನೆಯಲ್ಲಿ ಗ್ರಂಥಪಾಲಕರ ಪಾಲೂ ಇದೆ ಎಂಬುದು ನನಗೆ ಬಹಳ ಹಿಡಿಸಿತು. 1995ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬ ಊರಲ್ಲಿ ಗ್ರಂಥಾಲಯದವರೂ ಕಂಪ್ಯೂಟರಿನವರೂ ಕೂಡಿ ಕೂತರು. ಪುಸ್ತಕಕ್ಕೆ ಸೂಚಿಪತ್ರವಿರುವಂತೆ ಜಾಲದ ಪುಟಕ್ಕೂ ಬೇಕೆಂದು ಹೊರಟ ಆ ಕೆಲಸ 15 ಅಂಶಗಳ ‘ಡಬ್ಲಿನ್ ಕೋರ್’ ಆಯಿತು. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಪ್ರಕಟಿಸಿದ ‘ಓಪನ್ ಗ್ರಾಫ್’ ಅದರಿಂದಲೂ ಸ್ಫೂರ್ತಿ ಪಡೆದದ್ದು. ಅದು ಕಡ್ಡಾಯವಾಗಿ ಕೇಳುವುದು ನಾಲ್ಕನ್ನೇ: ಶೀರ್ಷಿಕೆ, ಬಗೆ, ಚಿತ್ರ, ವಿಳಾಸ. ಈಗ ವಾಟ್ಸ್‌ಆ್ಯಪ್ಪೂ ಅದನ್ನೇ ಓದುತ್ತದೆ.

ಬರೆದಿಡದಿದ್ದರೆ ಊಹೆಯೇ ಗತಿ ಎಂಬುದು ಬಾದಾಮಿಯ ಗುಹೆಗಳ ಮುಂದೆ ನಿಂತವರಿಗೆ ಹೊಸ ಮಾತೇನಲ್ಲ. ಮೂರನೆಯ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಳೇಶ ಶಕವರ್ಷ 500, ಅಂದರೆ ಕ್ರಿ.ಶ. 578 ಎಂದು ಶಾಸನ ಬರೆಸಿದ. ವಿಷ್ಣುವಿನ ಮನೆ ಎಂದೂ ಹೇಳಿಸಿದ. ಉಳಿದ ಗುಹೆಗಳಲ್ಲಿ ಅಂಥ ತೇದಿಯಿಲ್ಲ. ಅವುಗಳ ಕಾಲವನ್ನು ವಿದ್ವಾಂಸರು ಕಂಬ, ಮೂರ್ತಿಗಳ ಶೈಲಿ ನೋಡಿ ಊಹಿಸುತ್ತ ಬಂದಿದ್ದಾರೆ.

ಮರುದಿನ ತಲೆಭಾಗದಲ್ಲಿ ನಾಲ್ಕೂ ಸಾಲು ಬರೆದೆ. ಶೀರ್ಷಿಕೆ ಉದ್ದವಾದರೆ ತುದಿ ಕತ್ತರಿಸಿಹೋಗುತ್ತದೆ, ಆದ್ದರಿಂದ ‘ಇಳಕಲ್ಲ ಸೀರೆ’ ಮೊದಲು, ಮಾವನ ಮನೆತನದ ಹೆಸರು ಆಮೇಲೆ. ಆದರೂ ಆ ಚೌಕವೇ ಬಂತು! ಫೇಸ್‌ಬುಕ್ ಒಮ್ಮೆ ಓದಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದಂತೆ. ಅದರದೇ ಪರೀಕ್ಷಾ ಪುಟದಲ್ಲಿ ವಿಳಾಸ ಕೊಟ್ಟು ಮತ್ತೆ ಓದಿಸಿದ ಮೇಲೆಯೇ ಸೀರೆ ಕಂಡಿತು. ಆದರೆ ಒಡಲು ಮಾತ್ರ. ಚಿತ್ರ ಉದ್ದುದ್ದವಾಗಿದ್ದುದರಿಂದ ಸೆರಗು ಕೆಳಗೆ ಕತ್ತರಿಸಿಹೋಗಿತ್ತು. ಬೇಕಾದ ಅಳತೆ 1200ಕ್ಕೆ 630 ಪಿಕ್ಸೆಲ್, ಅಂದರೆ ಎತ್ತರದ ಹೆಚ್ಚುಕಡಿಮೆ ಎರಡರಷ್ಟು ಅಗಲ.

ಅದನ್ನು ಕೇಳಿ ಮಾವ ಎದ್ದು ಸೀರೆಯನ್ನು ಜಮಖಾನೆಯ ಮೇಲೆ ಅಡ್ಡಲಾಗಿ ಹಾಸಿದರು. ಇಳಕಲ್ಲಿನಲ್ಲಿ ‘ಕೊಂಡಿ’ ಎಂದರೆ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುವುದು. ಜಾಲದ ಕೊಂಡಿಗೂ ಕನ್ನಡದಲ್ಲಿ ಅದೇ ಮಾತು. ಮಾವ ಆ ಕೂಡಿದ ಗೆರೆಯನ್ನೇ ಬೆರಳಲ್ಲಿ ಸವರಿ, ‘ಇದು ನಟ್ಟನಡುವ ಬರಬೇಕು ನೋಡ, ಆ ಕಡೆ ಒಡಲು, ಈ ಕಡೆ ಸೆರಗ’ ಅಂದರು. ಹಾಗೆಯೇ ಚಿತ್ರ ತೆಗೆದೆ.