ಕಾಗುಣಿತದ ಹೋಂವರ್ಕ್: ಎಳೆಯ ಮಕ್ಕಳಿಗೆ ಹೊರೆಯೆ?

ಅರಸೀಕೆರೆಯಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದು ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಆಕೆ ನೋಟುಪುಸ್ತಕವನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದಳು. ಶಾಲೆಯಲ್ಲಿ ಇಪ್ಪತ್ತು ಒತ್ತಕ್ಷರದ ಪದಗಳನ್ನು ಕೊಟ್ಟಿದ್ದರು. ಒಂದೊಂದನ್ನೂ ಹತ್ತು ಸಲ ಬರೆಯಬೇಕು, ಮರುದಿನ ಉಕ್ತಲೇಖನ. ಹಿಂದಿನ ದಿನದ ಪುಟದಲ್ಲಿ ‘ರಸ್ತೆ’ ಎಂಬುದನ್ನು ಅವಳು ‘ರಸತೆ’ ಎಂದು ಬರೆದಿದ್ದಳು. ಅದರ ಸುತ್ತ ಕೆಂಪು ಶಾಯಿಯ ವೃತ್ತವಿತ್ತು. “ಮಾಮ, ನಾನು ದಡ್ಡೀನಾ?” ಎಂದು ಕೇಳಿದಳು.

ಈ ಪ್ರಶ್ನೆಗೆ “ಇಲ್ಲಮ್ಮ” ಎಂದು ಉತ್ತರಿಸುವುದು ಸುಲಭ. ಆದರೆ ಕಾರಣ ತಿಳಿಸಿ ಉತ್ತರಿಸುವುದು ಅಷ್ಟು ಸುಲಭವಲ್ಲ. “ನಾವೂ ಹೀಗೆಯೇ ಬರೆದು ಕಲಿಯಲಿಲ್ಲವೆ?” ಎನ್ನುವ ಹಿರಿಯರುಂಟು, “ಎಳೆಯ ಮಕ್ಕಳಿಗೆ ಇದೆಲ್ಲ ಏತಕ್ಕೆ?” ಎನ್ನುವವರೂ ಉಂಟು. ಹೊರೆ ಭಾರವೋ ಹಗುರವೋ ಎಂದು ವಾದಿಸುವ ಮೊದಲು ಅದನ್ನು ತೂಗಿ ನೋಡುವುದು ಭೌತವಿಜ್ಞಾನದ ಪದ್ಧತಿ. ನಾವೂ ಹಾಗೆಯೇ ಮಾಡೋಣ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಒಂದೊಂದು ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪಗಳು. ಎಂದರೆ 34 × 15 = 510 ರೂಪಗಳಾದುವು. ಒಂದು ವ್ಯಂಜನಕ್ಕೆ ಇನ್ನೊಂದನ್ನು ಒತ್ತಾಗಿ ಸೇರಿಸಿದರೆ 34 × 34 = 1156 ಜೋಡಿಗಳು ಲೆಕ್ಕಕ್ಕೆ ಸಿಗುತ್ತವೆ. ಇವೆಲ್ಲವೂ ಭಾಷೆಯಲ್ಲಿ ಬಳಕೆಯಾಗುವುದಿಲ್ಲ, ನಿಜ. ಆದರೂ ಏಳು ವರ್ಷದ ಮಗುವಿನ ಮುಂದೆ ಇದು ದೊಡ್ಡ ರಾಶಿಯೇ ಸರಿ.

ಆದರೆ ಈ ರಾಶಿಯನ್ನು ಯಾರೂ ಒಂದೊಂದಾಗಿ ಬಾಯಿಪಾಠ ಮಾಡುವುದಿಲ್ಲ. 34 ವ್ಯಂಜನಗಳ ರೂಪವೂ 14 ಗುಣಿತಚಿಹ್ನೆಗಳೂ ತಿಳಿದರೆ, ಕೆಲವು ಅಪವಾದಗಳನ್ನು ಬಿಟ್ಟು, ಉಳಿದುದು ನಿಯಮದಿಂದಲೇ ದೊರೆಯುತ್ತದೆ. ಕನ್ನಡದ ದೊಡ್ಡ ಅನುಕೂಲವೇ ಇದು. ಇಂಗ್ಲಿಷಿನಲ್ಲಿ ಈ ಅನುಕೂಲ ಕಡಮೆ. ಫಿಲಿಪ್ ಸೀಮರ್ ಮತ್ತು ಅವರ ಸಂಗಡಿಗರು ಯೂರೋಪಿನ ಹಲವು ಭಾಷೆಗಳ ಮಕ್ಕಳನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚಿನ ಭಾಷೆಗಳ ಮಕ್ಕಳು ಮೊದಲನೆಯ ತರಗತಿಯ ಕೊನೆಗೆ ಸರಿಯಾಗಿ ಓದಬಲ್ಲವರಾಗಿದ್ದರು. ಇಂಗ್ಲಿಷಿನ ಮಕ್ಕಳಿಗೆ ಅದಕ್ಕೆ ಇಮ್ಮಡಿಗಿಂತಲೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಬರಹದ ಕ್ರಮ ತೊಡಕಾಗಿದ್ದಷ್ಟೂ ಕಲಿಕೆ ನಿಧಾನವಾಗುತ್ತದೆ ಎಂಬುದು ಇದರ ತಾತ್ಪರ್ಯ.

ಹಾಗಾದರೆ ಕನ್ನಡದಲ್ಲಿ ತೊಡಕು ಇರುವುದೆಲ್ಲಿ? ನಮ್ಮ ಸೀಮೆಯ ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ಬೇಲೂರು, ಹಳೇಬೀಡು, ಅರಸೀಕೆರೆ: ಇವುಗಳಲ್ಲಿ ಒತ್ತಕ್ಷರವೇ ಇಲ್ಲ. ಹಳೇಬೀಡಿನ ಹಿಂದಿನ ಹೆಸರು ದ್ವಾರಸಮುದ್ರ. ಇದರಲ್ಲಿ ಎರಡು ಒತ್ತಕ್ಷರಗಳಿವೆ. ‘ಅರಸೀಕೆರೆ’ಯಲ್ಲಿ ಐದು ಅಕ್ಷರ, ‘ದ್ವಾರಸಮುದ್ರ’ದಲ್ಲಿಯೂ ಐದು. ಮೂಲಾಕ್ಷರ, ಗುಣಿತಚಿಹ್ನೆ, ಒತ್ತು ಇವನ್ನು ಬಿಡಿಬಿಡಿಯಾಗಿ ಎಣಿಸಿದರೆ ಮೊದಲನೆಯದರಲ್ಲಿ ಎಂಟು ಭಾಗಗಳು, ಎರಡನೆಯದರಲ್ಲಿ ಒಂಬತ್ತು. ವ್ಯತ್ಯಾಸ ಒಂದೇ ಒಂದು. ಆದರೂ ಮೊದಲನೆಯದನ್ನು ಸರಾಗವಾಗಿ ಬರೆಯುವ ಮಗು ಎರಡನೆಯದರ ಬಳಿ ತಡವರಿಸುತ್ತದೆ. ಆದುದರಿಂದ ಕಷ್ಟದ ಮೂಲ ಭಾಗಗಳ ಸಂಖ್ಯೆಯಲ್ಲ, ಅವುಗಳ ಕ್ರಮ.

‘ರಸ್ತೆ’ ಎಂದು ಮೆಲ್ಲನೆ ಉಚ್ಚರಿಸಿ ನೋಡಿ. ಮೊದಲು ಸ್, ಆಮೇಲೆ ತ್, ಕೊನೆಗೆ ಎ. ಎಂದರೆ ಎಕಾರ ಕೇಳಿಸುವುದು ತಕಾರದ ಅನಂತರ. ಆದರೆ ಬರೆಯುವಾಗ ಎಕಾರದ ಚಿಹ್ನೆಯನ್ನು ಸಕಾರದ ತಲೆಯ ಮೇಲೆ ಇಟ್ಟು, ತಕಾರವನ್ನು ಕೆಳಗೆ ಒತ್ತಾಗಿ ಬರೆಯುತ್ತೇವೆ. ಕಿವಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ‘ಸೂರ್ಯ’ ಎಂಬಲ್ಲಿ ರಕಾರ ಮೊದಲು ಕೇಳಿಸಿದರೂ ಅರ್ಕಾವತ್ತಾಗಿ ಯಕಾರದ ಮುಂದೆ ಕುಳಿತುಕೊಳ್ಳುತ್ತದೆ. ಸಾಲದುದಕ್ಕೆ, ತ, ನ, ಮ, ಯ, ರ ಮೊದಲಾದವುಗಳ ಒತ್ತುಗಳು ತಮ್ಮ ಮೂಲರೂಪವನ್ನು ಹೋಲುವುದೇ ಇಲ್ಲ.

ಈ ಕ್ರಮ ಬಂದುದು ಹೇಗೆ? ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ ಶಾಸನವನ್ನು ವಾಚಕರು ಬಲ್ಲರು. ಅದರ ಕಾಲ ಸುಮಾರು ಕ್ರಿ. ಶ. 450. ಆ ಕಾಲದ ಶಾಸನಲಿಪಿಗಳಲ್ಲಿ ಕೂಡಿದ ವ್ಯಂಜನಗಳನ್ನು ಒಂದರ ಕೆಳಗೊಂದು ಪೇರಿಸಿ, ಇಡೀ ಪೇರಿಕೆಯನ್ನು ಒಂದೇ ಅಕ್ಷರವೆಂದು ಭಾವಿಸಿ, ಸ್ವರಚಿಹ್ನೆಯನ್ನು ಅದರ ನೆತ್ತಿಗೆ ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಅಕ್ಷರಗಳು ಗುಂಡಗಾದುವು, ಒತ್ತುಗಳು ಬಲಕ್ಕೆ ಸರಿದುವು. ಪೇರಿಸುವ ನಿಯಮ ಮಾತ್ರ ಉಳಿಯಿತು. ನೆರೆಮನೆಯ ಹುಡುಗಿಯನ್ನು ಕಾಡಿದುದು ಹದಿನೈದು ಶತಮಾನಗಳಿಗೂ ಹಳೆಯ ಈ ನಿಯಮ!

ಅವಳ ತಪ್ಪನ್ನು ಈಗ ಮತ್ತೊಮ್ಮೆ ನೋಡೋಣ. ‘ರಸತೆ’ಯಲ್ಲಿ ಸಕಾರ, ತಕಾರ, ಎಕಾರ ಮೂರೂ ಕೇಳಿಸಿದ ಕ್ರಮದಲ್ಲಿಯೇ ಇವೆ. ಆಕೆಯ ಕಿವಿ ಸರಿಯಾಗಿ ಕೇಳಿದೆ. ಪೇರಿಸುವ ನಿಯಮವೊಂದು ಇನ್ನೂ ಮನಸ್ಸಿನಲ್ಲಿ ನೆಲೆಗೊಂಡಿಲ್ಲ, ಅಷ್ಟೆ. ಕೆಂಪು ವೃತ್ತ ಈ ಭೇದವನ್ನು ಅವಳಿಗೆ ತಿಳಿಸಲಾರದು. ‘ಧನ’, ‘ದನ’ ಎಂಬಂಥ ಪದಗಳ ಮಾತೇ ಬೇರೆ. ಮನೆಯ ಮಾತಿನಲ್ಲಿ ಮಹಾಪ್ರಾಣವಿಲ್ಲದ ಮಗುವಿಗೆ ಎರಡೂ ಒಂದೇ ಸಮನಾಗಿ ಕೇಳಿಸುತ್ತವೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬರಹದಿಂದ ಮಹಾಪ್ರಾಣಗಳನ್ನೇ ಕೈಬಿಡಬಹುದೆಂದು ಸೂಚಿಸಿದ್ದುಂಟು. ಆ ಚರ್ಚೆ ಏನೇ ಇರಲಿ, ಒಂದು ಬಗೆಯ ತಪ್ಪಿಗೆ ನಿಯಮವನ್ನು ಕಲಿಸಬೇಕು, ಇನ್ನೊಂದು ಬಗೆಯದಕ್ಕೆ ಪದದ ಪರಿಚಯವಾಗಬೇಕು. ಎರಡಕ್ಕೂ “ಹತ್ತು ಸಲ ಬರೆ” ಎನ್ನುವುದು ಎಲ್ಲ ರೋಗಕ್ಕೂ ಒಂದೇ ಮಾತ್ರೆ ಕೊಟ್ಟಂತೆ.

ಇನ್ನು ಪ್ರಮಾಣದ ವಿಷಯ. 583920746182 ಎಂಬ ಸಂಖ್ಯೆಯನ್ನು ಒಮ್ಮೆ ಓದಿ, ಕಣ್ಣು ಮುಚ್ಚಿ ಹೇಳಿ ನೋಡಿ. ಹೆಚ್ಚಿನವರು ಅರ್ಧದಲ್ಲಿಯೇ ನಿಲ್ಲುತ್ತಾರೆ. ಈಗ 194719561973 ಎಂಬುದನ್ನು ಓದಿ. ಇಲ್ಲಿಯೂ ಹನ್ನೆರಡು ಅಂಕಗಳೇ. ಆದರೆ ಸ್ವಾತಂತ್ರ್ಯ ಬಂದ ವರ್ಷ, ಕನ್ನಡ ನಾಡು ಒಂದಾದ ವರ್ಷ, ಅದು ಕರ್ನಾಟಕವೆಂಬ ಹೆಸರು ಪಡೆದ ವರ್ಷ ಎಂದು ಗುರುತಿಸಿದೊಡನೆ ಅವು ಮೂರೇ ಗಂಟುಗಳಾಗುತ್ತವೆ. ತತ್‌ಕಾಲದ ಸ್ಮರಣೆ ಏಳರ ಆಸುಪಾಸಿನಷ್ಟು ಗಂಟುಗಳನ್ನು ಹಿಡಿಯಬಲ್ಲದೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಾಲ್ಕರ ಸುತ್ತ ಎಂಬುದು ಈಚಿನ ಅಂದಾಜು. ಪಳಗಿದ ನಮಗೆ ‘ಸ್ತೆ’ ಒಂದೇ ಗಂಟು. ಹೊಸದಾಗಿ ಕಲಿಯುವ ಮಗುವಿಗೆ ಅದೇ ಮೂರು. “ಇಷ್ಟು ಸುಲಭವಾದುದು ಬರುವುದಿಲ್ಲವೆ?” ಎಂದು ಹಿರಿಯರು ಗದರುವುದು ಈ ವ್ಯತ್ಯಾಸವನ್ನು ಮರೆತುದರಿಂದ.

ಹತ್ತು ಸಲ ಬರೆದರೆ ಪ್ರಯೋಜನವಿಲ್ಲವೆ? ಸ್ವಲ್ಪ ಉಂಟು. ಆದರೆ ಮೂರನೆಯ ಸಲದ ಅನಂತರ ಮಗು ಪದವನ್ನು ಬರೆಯುವುದಿಲ್ಲ, ಮೇಲಿನ ಸಾಲನ್ನು ನಕಲು ಮಾಡುತ್ತದೆ. ಕಲಿತುದು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಮರೆಯುತ್ತದೆಂದೂ, ಅಂತರವಿಟ್ಟು ಮಾಡಿದ ಅಭ್ಯಾಸ ಹೆಚ್ಚು ಉಳಿಯುತ್ತದೆಂದೂ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಯತ್ನ ಹೆಚ್ಚು ಕಾಲ ನಿಲ್ಲುತ್ತದೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗದಿಂದ ದೃಢಪಡಿಸಿದರು.

ಕನ್ನಡ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಗಮನಾರ್ಹವಾದುದು. ಅಕ್ಷರಗಳ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ಅದು ತಿಳಿಸುತ್ತದೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವುದು ರೋಗವಲ್ಲ, ಬೆಳವಣಿಗೆಯ ಒಂದು ಘಟ್ಟ. ಭೌತವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ, ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಹೆಚ್ಚು ಕೆಟ್ಟದ್ದೆಂದು ಹೇಳಿತು. 2020ರ ಶಾಲಾಚೀಲ ನೀತಿ ಎರಡನೆಯ ತರಗತಿಯವರೆಗೆ ಹೋಂವರ್ಕ್ ಬೇಡವೆಂದೂ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆ ಮೀರಬಾರದೆಂದೂ ಸೂಚಿಸಿದೆ.

ಅರಸೀಕೆರೆಗೆ ಸಮೀಪದ ಮಾಲೇಕಲ್ ತಿರುಪತಿಯ ಬೆಟ್ಟವನ್ನು ಮಕ್ಕಳೂ ಮುದುಕರೂ ಹತ್ತುತ್ತಾರೆ. ಮೇಲೇರಲು ಮಾಡಬೇಕಾದ ಕೆಲಸ, ಎಂದರೆ ಭಾರ ಮತ್ತು ಎತ್ತರಗಳ ಗುಣಲಬ್ಧ, ಮೆಟ್ಟಿಲಿದ್ದರೂ ಇಲ್ಲದಿದ್ದರೂ ಅಷ್ಟೇ. ಮೆಟ್ಟಿಲು ಆ ಕೆಲಸವನ್ನು ಸಣ್ಣ ಸಣ್ಣ ಕಂತುಗಳಾಗಿ ಹಂಚುತ್ತದೆ. ಕಾಗುಣಿತವೂ ಹಾಗೆಯೇ. ಅದನ್ನು ಬಿಡುವಂತಿಲ್ಲ, ಒಂದೇ ನೆಗೆತಕ್ಕೆ ಹತ್ತಿಸುವಂತೆಯೂ ಇಲ್ಲ.

ಆ ಹುಡುಗಿಗೆ ನಾನು ದಿನಕ್ಕೆ ನಾಲ್ಕೇ ಪದಗಳನ್ನು ಹೇಳಿಕೊಟ್ಟೆ. ಮೊದಲು ‘ಅಕ್ಕ’, ‘ಅಪ್ಪ’. ಆಮೇಲೆ ‘ಅಕ್ಕಿ’, ‘ಬೆಣ್ಣೆ’. ಅದಾದ ಮೇಲೆ ‘ರಸ್ತೆ’. ಒಂದು ಸಲ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತಾನೇ ತೆರೆದು ತಾಳೆ ನೋಡುವುದು. ಎರಡು ದಿನ ಬಿಟ್ಟು ಮತ್ತೆ ಬರೆಯುವುದು. ಹತ್ತು ನಿಮಿಷದ ಕೆಲಸ. ಈಗಲೂ ಅವಳು ಕೆಲವೊಮ್ಮೆ ತಪ್ಪುತ್ತಾಳೆ. ಆದರೆ ತಪ್ಪನ್ನು ತಾನೇ ಹುಡುಕಿ ತೋರಿಸುತ್ತಾಳೆ. ಮನೆಯಲ್ಲಿ ತಮ್ಮ ತಂಗಿಯರಿರುವ ವಿದ್ಯಾರ್ಥಿಗಳು ಈ ಕ್ರಮವನ್ನು ತಾವೇ ಪರೀಕ್ಷಿಸಿ ನೋಡಬಹುದು. ಅವರ ಪುಸ್ತಕದಲ್ಲಿ ಕೆಂಪು ವೃತ್ತ ಕಂಡಾಗ ಮೊದಲು ಕೇಳಬೇಕಾದುದು ಇಷ್ಟೆ: ಈ ಮಗು ಯಾವ ನಿಯಮವನ್ನು ಬಲ್ಲದು, ಯಾವುದನ್ನು ಇನ್ನೂ ಅರಿಯದು?