ಪಂಚಾಯಿತಿ ಕೊಂಡ ಗಾಳಿ

ಉಡುಮಲೈಪೇಟೆ ಹತ್ತಿರದ ಮೈವಾಡಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆಷಾಢದ ಗಾಳಿಗೆ ಇಲ್ಲಿ ಲುಂಗಿ ಹಿಡಿದುಕೊಂಡೇ ನಡೆಯಬೇಕು. ಈ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬುದು ತಮಿಳರ ಗಾದೆ. ಸುತ್ತಲ ಗಾಳಿಯಂತ್ರಗಳು ಗಿರಣಿ, ಕಂಪನಿಗಳವು. ಒಂದು ಮಾತ್ರ ಪಂಚಾಯಿತಿಯದು. ಅದೂ ನೂರು ಕಿಲೋಮೀಟರ್ ಆಸುಪಾಸು ದೂರದ, ಊಟಿ ಘಾಟಿಯ ಬುಡದಲ್ಲಿರುವ ಓಡಂತುರೈಯದು.

ಕೊಯಮತ್ತೂರಿನ ಗಿರಣಿಗಳಿಗೆ ಅಗ್ಗದ ಕರೆಂಟಿನ ರುಚಿ ಹತ್ತಿಸಿದ್ದು 1932ರಲ್ಲಿ ಶುರುವಾದ ನೀಲಗಿರಿಯ ಪೈಕಾರ ಜಲವಿದ್ಯುತ್ ಕೇಂದ್ರ. ಆಮೇಲೆ ಕಲ್ಲಿದ್ದಲು. ತೊಂಬತ್ತರ ದಶಕದಲ್ಲಿ ಗಾಳಿಯ ಮೇಲೆ ಪ್ರೀತಿ ಉಕ್ಕಿತು; ಯಂತ್ರದ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತಲ್ಲ!

ಓಡಂತುರೈಗೆ ಉಳಿಸಲು ಅಂಥ ತೆರಿಗೆಯೇ ಇರಲಿಲ್ಲ. 1996ರಲ್ಲಿ ಅಧ್ಯಕ್ಷರಾದ ಆರ್. ಷಣ್ಮುಗಂ ಅವರಿಗೆ ತಲೆನೋವಾಗಿದ್ದು ಬೀದಿದೀಪ, ನೀರಿನ ಪಂಪುಗಳ ಬಿಲ್ಲು. ಮೊದಲು ಕಟ್ಟಿಗೆಯಿಂದ ಅನಿಲ ತೆಗೆಯುವ ಯಂತ್ರ ಹಾಕಿ ನೀರೆತ್ತಿದರು. 2006ರಲ್ಲಿ 350 ಕಿಲೋವ್ಯಾಟ್‌ನ ಗಾಳಿಯಂತ್ರ. ಬೆಲೆ 1.55 ಕೋಟಿ ರೂಪಾಯಿ. ಪಂಚಾಯಿತಿ ಕೂಡಿಟ್ಟಿದ್ದು 40 ಲಕ್ಷ, ಮಿಕ್ಕಿದ್ದು ಬ್ಯಾಂಕ್ ಸಾಲ. ಗ್ರಾಮ ಪಂಚಾಯಿತಿಯೊಂದು ಮ್ಯಾನೇಜರ ಎದುರು ಕೂತು ಕೋಟಿ ಸಾಲ ಕೇಳುವುದೆಂದರೆ! ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಹುಟ್ಟಿತು, ಊರಿಗೆ 4.5 ಲಕ್ಷ ಸಾಕಿತ್ತು. ಹೆಚ್ಚಿನದು ವಿದ್ಯುತ್ ಮಂಡಳಿಗೆ. ಸಾಲವೂ ತೀರಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಯಂತ್ರ ನಿಂತಲ್ಲೇ ಬೇರೆ ಜಿಲ್ಲೆ ಸೇರಿತು.

ಗಿರಣಿಗಳು ಅಷ್ಟರಲ್ಲಿ ಉಳಿಸಿದ ಹೊಗೆಗೂ ಬೆಲೆ ಕೇಳುತ್ತಿದ್ದವು. ತಮಿಳುನಾಡು ನೂಲಿನ ಗಿರಣಿಗಳ ಸಂಘ ಸದಸ್ಯರ ಯಂತ್ರಗಳನ್ನು ಒಂದು ಕಟ್ಟಾಗಿಸಿ, ಕ್ಯೋಟೊ ಒಪ್ಪಂದದಡಿ ಕಾರ್ಬನ್ ಕ್ರೆಡಿಟ್‌ಗೆ ನೋಂದಾಯಿಸಿತು. 2008ರಲ್ಲಿ ಟನ್ನಿಗೆ 20 ಯೂರೊ ಆಸುಪಾಸಿದ್ದ ದರ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗಿಳಿಯಿತು. ಯೂರೋಪು ಕೊಳ್ಳುವುದು ಬಿಟ್ಟರೆ ನಮ್ಮ ಗಾಳಿಗೆ ಬೆಲೆಯಿಲ್ಲ.

ನಮ್ಮ ದಿಲ್ಲಿಯವರೇನು ಕಮ್ಮಿ? ಶುದ್ಧ ಇಂಧನಕ್ಕೆಂದು 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಿ, 2016ಕ್ಕೆ 400ಕ್ಕೇರಿಸಿದರು. ಮರುವರ್ಷವೇ ಅದು ರಾಜ್ಯಗಳ ಜಿಎಸ್‌ಟಿ ನಷ್ಟ ತುಂಬಲು ಹೋಯಿತು. 2025ರಲ್ಲಿ ಆ ಸೆಸ್ಸನ್ನೇ ತೆಗೆದರು. ಹೊಗೆಗೆ ಎಷ್ಟು ಬೆಲೆ ಎಂದು ಈಗ ಮತ್ತೆ ಸಭೆ, ಸಮಿತಿ.

ಹಳೆಯ ಸಣ್ಣ ಯಂತ್ರ ಕಿತ್ತು ದೊಡ್ಡದು ನೆಡುವ ನೀತಿಯನ್ನು ತಮಿಳುನಾಡು 2024ರಲ್ಲಿ ತಂದಿದೆ. ಈಗಿನವು ಒಂದೊಂದೂ ಎರಡು ಸಾವಿರ ಕಿಲೋವ್ಯಾಟ್ ದಾಟುತ್ತವೆ. ಅವುಗಳ ಪಕ್ಕ ಓಡಂತುರೈಯದು ಕುಳ್ಳ.